ಹಸಿರು ವೈರು ಎಲ್ಲಿಗೆ ಹೋಯಿತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಹೇಳಲಿ. ಕಪ್ಪು ಚೌಕಗಳಿಗೆ ಪಾಠ ಮಾಡಿದವರಿಗಷ್ಟೇ ಅದರ ಸುಖ ಗೊತ್ತು. ನಾನು ದೂರಶಿಕ್ಷಣದ ಸಂಸ್ಥೆಯೊಂದರಲ್ಲಿ ವಿದ್ಯುತ್ ಪಾಠ ಹೇಳುವವಳು. ಸಂಜೆಯಾದರೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದಿನ ಬೀರು ಕಾಣದಿರಲಿ ಎಂದು ಬೆಡ್‌ಶೀಟೊಂದನ್ನು ಇಳಿಬಿಟ್ಟು ಕೂರುತ್ತೇನೆ. ಎದುರಿಗೆ ಸಾಲು ಸಾಲು ಕಪ್ಪು ಚೌಕ. ಒಳಗೆ ಯಾರಾದರೂ ಇದ್ದಾರೋ, ಫೋನನ್ನು ದಿಂಬಿನ ಮೇಲೆ ಇಟ್ಟು ಎದ್ದು ಹೋಗಿದ್ದಾರೋ, ಆ ದೇವರಿಗೇ ಗೊತ್ತು. ಕ್ಯಾಮೆರಾ ಹಾಕಿ ಎಂದರೆ ನೆಟ್‌ವರ್ಕ್ ಇಲ್ಲ. ಮೈಕ್ ಹಾಕಿ ಎಂದರೆ ಮನೆಯಲ್ಲಿ ಗಲಾಟೆ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಮೆಚ್ಚಬೇಕಿತ್ತು. ಪಾಠದ ಒಂದೊಂದು ಹಂತ ಮುಗಿದಾಗಲೂ ನಾನು 'ಅರ್ಥ ಆಯ್ತಾ?' ಎಂದು ಕೇಳುತ್ತಿದ್ದೆ. ಕೇಳಿದ್ದೇ ತಡ, ಪಕ್ಕದ ಚಾಟ್‌ನಲ್ಲಿ ದಬದಬ ಉತ್ತರ ಬೀಳುತ್ತಿತ್ತು. ಆಯ್ತು ಮೇಡಂ. ಆಯ್ತು. ಆಯ್ತು ಮೇಡಂ. ಕೆಲವರು 'ಅರ್ತ ಆಯ್ತು' ಎಂದು ಬರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. 'ಏನ್ರೀ ಇದು, ಮಹಾಪ್ರಾಣ ಎಲ್ಲಿ ಹೋಯ್ತು? ಕರೆಂಟ್ ಕಲಿಯೋಕೆ ಮುಂಚೆ ಕಾಗುಣಿತ ಕಲೀರಿ' ಎಂದು ಒಮ್ಮೆ ಚೆನ್ನಾಗಿಯೇ ಝಾಡಿಸಿದ್ದೆ. ಅಂದಿನಿಂದ ಎಲ್ಲರೂ ಬರೀ 'ಆಯ್ತು' ಎನ್ನುತ್ತಿದ್ದರು. ನನಗೂ ಅಷ್ಟೇ ಸಾಕಾಗಿತ್ತು.

ನಮ್ಮ ಸಂಸ್ಥೆಯ ನಿರ್ದೇಶಕರಿಗೆ ನಾನಿಟ್ಟ ಹೆಸರು ಗ್ರಾಫ್ ಸಾಹೇಬರು. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಆದರೆ ಹಸಿವಾಗಿದೆ ಎಂದು ಹೇಳುವುದಕ್ಕೂ ಗ್ರಾಫ್ ತೋರಿಸುವ ಪೈಕಿ. ಅವರು ಸೋಮವಾರ ಫೋನ್ ಮಾಡಿದರು.

"ಮೇಡಂ, ನಿಮ್ಮ ಲೈವ್ ಕ್ಲಾಸ್ ವಿಷಯ. ವಿದ್ಯಾರ್ಥಿಗಳು ಮಾತೇ ಆಡಲ್ಲ, ಮುಖಾನೂ ತೋರ್ಸಲ್ಲ. ಹಾಗಿದ್ಮೇಲೆ ಲೈವ್ ಯಾಕೆ ಅಂತ ಸಮಿತಿಯವರು ಕೇಳ್ತಿದಾರೆ. ಒಂದ್ಸಲ ಚೆನ್ನಾಗಿ ರೆಕಾರ್ಡ್ ಮಾಡಿ ಹಾಕ್ಬಿಟ್ರೆ ಅವರವರ ಬಿಡುವಲ್ಲಿ ನೋಡ್ಕೋತಾರೆ."

"ನಾನೇನು ಮಾಡ್ಲಿ ಸರ್ ಆಮೇಲೆ?"

"ನೀವು ಪರೀಕ್ಷೆ ಪೇಪರ್ ನೋಡ್ಕೊಳ್ಳಿ. ಆದ್ರೆ ಇನ್ನೂ ಏನೂ ತೀರ್ಮಾನ ಆಗಿಲ್ಲ. ಶುಕ್ರವಾರ ನಾನೇ ನಿಮ್ಮ ಕ್ಲಾಸಿಗೆ ಬಂದು ಕೂತ್ಕೋತೀನಿ. ಅರ್ಥ ಆಯ್ತು ಅನ್ನೋರು ನಿಮ್ಮಲ್ಲಿ ನೂರಕ್ಕೆ ನೂರು ಇದ್ದಾರೆ, ಬೇರೆ ಯಾರ ಕ್ಲಾಸಲ್ಲೂ ಇಷ್ಟಿಲ್ಲ. ಶುಕ್ರವಾರವೂ ಹಾಗೇ ಬಂದ್ರೆ ಅದೊಂದನ್ನೇ ತೋರ್ಸಿ ನಿಮ್ಮ ಕ್ಲಾಸ್ ಉಳಿಸ್ಕೋಬಹುದು."

ಫೋನ್ ಇಟ್ಟ ಮೇಲೆ ಊಟ ರುಚಿಸಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಆ ಸಂಜೆಯ ಒಂದು ಗಂಟೆ ಎಂದರೆ ಪ್ರಾಣ. ಕಪ್ಪು ಚೌಕಗಳೇ ಇರಲಿ, ಅವುಗಳ ಹಿಂದೆ ಹಗಲೆಲ್ಲ ದುಡಿದು ಬಂದು ಕೂರುವ ಜನ ಇದ್ದಾರೆ ಎಂದು ನಂಬಿಕೊಂಡು ಬಾಯಿ ಒಣಗುವವರೆಗೆ ಮಾತಾಡುವುದು ನನಗೆ ಇಷ್ಟ. ಅದನ್ನು ಕಿತ್ತುಕೊಂಡು ನನ್ನನ್ನು ವಿಡಿಯೋ ಒಂದರಲ್ಲಿ ಹಾಕಿ ಮುಚ್ಚಿಟ್ಟರೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮರುದಿನ ಮನೆಪ್ರಯೋಗದ ಫೋಟೋಗಳನ್ನು ನೋಡಲು ಕೂತೆ. ನಾವು ಎಲ್ಲರಿಗೂ ಒಂದು ಪುಟ್ಟ ಕಿಟ್ ಕಳಿಸುತ್ತೇವೆ. ಒಂದು ಬ್ಯಾಟರಿ, ಒಂದು ಸಣ್ಣ ಬಲ್ಬು, ಸ್ವಿಚ್ಚು, ಕೆಂಪು ವೈರು, ಕಪ್ಪು ವೈರು, ಹಸಿರು ವೈರು. ಬ್ಯಾಟರಿಯಿಂದ ಬಲ್ಬಿಗೆ ಕೆಂಪು, ಬಲ್ಬಿನಿಂದ ವಾಪಸ್ ಬ್ಯಾಟರಿಗೆ ಕಪ್ಪು, ನಡುವೆ ಸ್ವಿಚ್ಚು. ಇಷ್ಟೇ ಪ್ರಯೋಗ. ಹಸಿರು ವೈರಿಗೆ ಇಲ್ಲಿ ಏನೂ ಕೆಲಸವಿಲ್ಲ, ಅದು ಮೊದಲ ವಾರದ ಅರ್ತಿಂಗ್ ಪಾಠದಲ್ಲಿ ತೋರಿಸುವುದಕ್ಕೆಂದು ಇಟ್ಟದ್ದು.

ಮೊದಲ ಫೋಟೋ ಹೊಲಿಗೆ ಅಂಗಡಿಯ ಹೆಂಗಸಿನದು. ನಾನು ಅವಳನ್ನು ಮನಸ್ಸಿನಲ್ಲೇ ಟೈಲರಮ್ಮ ಎಂದು ಕರೆಯುತ್ತಿದ್ದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಿಟ್ಟು, ಸೀಮೆಸುಣ್ಣದ ಗೆರೆಗಳ ನಡುವೆ ಬಲ್ಬು ಚೆಂದವಾಗಿ ಉರಿಯುತ್ತಿದೆ. ಆದರೆ ಸ್ವಿಚ್ಚಿನ ಪಕ್ಕದಿಂದ ಹಸಿರು ವೈರೊಂದು ಹೊರಟು, ಮೇಜಿನ ಅಂಚು ದಾಟಿ, ಫೋಟೋದಿಂದಲೇ ಆಚೆ ಹೋಗಿಬಿಟ್ಟಿದೆ. ಇದೇನು ಕರ್ಮ ಎಂದುಕೊಂಡು ಮುಂದಿನದಕ್ಕೆ ಹೋದೆ. ಅದು ಆಸ್ಪತ್ರೆಯ ನರ್ಸೊಬ್ಬಳದು. ಉಕ್ಕಿನ ತಟ್ಟೆಯ ಮೇಲೆ ಕಿಟ್ಟು. ಅಲ್ಲೂ ಹಸಿರು ವೈರು, ಅಲ್ಲೂ ಫೋಟೋದಿಂದ ಆಚೆ. ಮುಂದಿನದು ಲಿಫ್ಟ್ ನಡೆಸುವವನದು. ಅಲ್ಲೂ ಹಸಿರು. ಬೇಕರಿಯವನದು, ಹಿಟ್ಟು ಮೆತ್ತಿದ ಹಲಗೆಯ ಮೇಲೆ. ಅಲ್ಲೂ! ಒಂದೂ ಬಿಡದೆ ನೋಡಿದೆ. ಎಲ್ಲರ ಬಲ್ಬೂ ಉರಿಯುತ್ತಿದೆ, ಎಲ್ಲರ ಹಸಿರು ವೈರೂ ಎಲ್ಲಿಗೋ ಹೊರಟುಹೋಗಿದೆ.

ಅಕ್ಕ ಬಂದು ನನ್ನ ಭುಜದ ಮೇಲಿಂದ ಇಣುಕಿದಳು. "ಏನೇ ಅದು, ಸೊಸೆ ಹುಡುಕೋರ ಥರ ಒಂದೊಂದು ಫೋಟೋನೂ ಹತ್ರ ಹಿಡ್ಕೊಂಡು ನೋಡ್ತಿದೀಯ?"

"ಈ ವೈರ್ ಎಲ್ಲಿಗೆ ಹೋಗ್ತಿದೆ ಹೇಳು ನೋಡೋಣ."

"ಒಬ್ರನ್ನ ನೋಡಿ ಒಬ್ರು ಕಾಪಿ ಹೊಡ್ದಿರ್ತಾರೆ ಬಿಡು. ಬಲ್ಬ್ ಉರೀತಿದ್ಯಲ್ಲ, ಮಾರ್ಕ್ಸ್ ಹಾಕಿ ಎದ್ದೇಳು. ಯಾರ್ದೋ ಮನೆ ವೈರ್ ಎಲ್ಲಿಗೆ ಹೋದ್ರೆ ನಿನಗೇನು?"

ನನಗೇನು ಎಂದರೆ ಏನು ಹೇಳಲಿ? ಕಾಪಿ ಹೊಡೆಯುವವರು ತಪ್ಪನ್ನು ಕಾಪಿ ಹೊಡೆಯುತ್ತಾರೆ, ಸರಿ, ಆದರೆ ಈ ತಪ್ಪಿನಿಂದ ಯಾರಿಗೂ ಏನೂ ಲಾಭವಿಲ್ಲ. ಬಲ್ಬು ಅದಿಲ್ಲದೆಯೂ ಉರಿಯುತ್ತದೆ. ಕೆಲಸದಿಂದ ದಣಿದು ಬಂದ ಇಷ್ಟು ಜನ, ಬೇಡದ ವೈರೊಂದನ್ನು ಕುತ್ತಿಗೆ ಬಗ್ಗಿಸಿ ಕಟ್ಟಿದ್ದಾರೆ. ಯಾಕೆ? ಚಹಾ ಆರಿಹೋಯಿತು. ಫೋಟೋ ದೊಡ್ಡದು ಮಾಡಿ ಮಾಡಿ ಕಣ್ಣು ನೋಯಿತು. ಕೊನೆಗೆ ತಡೆಯಲಾರದೆ ಟೈಲರಮ್ಮನಿಗೇ ಫೋನ್ ಮಾಡಿದೆ.

ಆ ಕಡೆ ಹೊಲಿಗೆ ಯಂತ್ರದ ಸದ್ದು ಗಕ್ಕನೆ ನಿಂತಿತು. "ಮೇಡಂ? ಅಯ್ಯೋ, ಏನಾದ್ರೂ ತಪ್ಪಾಯ್ತಾ ಮೇಡಂ?"

"ತಪ್ಪು ಒಪ್ಪು ಆಮೇಲೆ. ನಿಮ್ಮ ಫೋಟೋದಲ್ಲಿ ಹಸಿರು ವೈರ್ ಇದ್ಯಲ್ಲ, ಅದು ಎಲ್ಲಿಗೆ ಹೋಗುತ್ತೆ?"

"ನಲ್ಲಿಗೆ ಮೇಡಂ."

"ನಲ್ಲಿಗಾ? ಯಾವ ನಲ್ಲಿ?"

"ಅಂಗಡಿ ಹಿಂದೆ ಕೈ ತೊಳೆಯೋ ನಲ್ಲಿ. ಕಬ್ಬಿಣದ ಪೈಪೇ ಮೇಡಂ, ಬಣ್ಣ ಕೆರೆದು ಕಟ್ಟಿದೀನಿ. ಗಟ್ಟಿಯಾಗಿದೆ."

"ಅದನ್ನ ನಲ್ಲಿಗೆ ಕಟ್ಟಿ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ನೀವೇ!"

"ನಾನಾ?"

"ನೀವೇ ಅಲ್ವಾ ಮೇಡಂ? ಮೊದಲು ಅರ್ತ್ ಮಾಡ್ಕೊಳ್ಳಿ, ಆಮೇಲೆ ಸ್ವಿಚ್ ಒತ್ತಿ ಅಂದ್ರಿ. ಅರ್ತ್ ಮಾಡ್ಕೊಳ್ದೆ ಮುಂದೆ ಹೋಗ್ಬೇಡಿ ಅಂದ್ರಿ. ಪ್ರತಿಸಲ ಅರ್ತ್ ಆಯ್ತಾ, ಅರ್ತ್ ಆಯ್ತಾ ಅಂತ ಕೇಳ್ತಾನೇ ಇರ್ತೀರಲ್ಲ."

ಸೋರಿದ ಕರೆಂಟು ಮನುಷ್ಯರ ಮೈ ಹಿಡಿಯದೆ ನೆಲಕ್ಕೆ ಹೋಗಲಿ ಎಂದು ಕೊಡುವ ವೈರಿಗೆ ಕೆಲಸದವರು ಅರ್ತ್ ಎನ್ನುತ್ತಾರೆ. ಮೊದಲ ವಾರ ನಾನೇ ಗಂಟಲು ಹರಿದುಕೊಂಡು ಹೇಳಿದ್ದೆ, ಅರ್ತಿಂಗ್ ಇಲ್ಲದ ಯಾವುದನ್ನೂ ಮುಟ್ಟಬೇಡಿ, ಪ್ರಾಣ ಹೋಗುತ್ತದೆ ಎಂದು. ಹಳೆಯ ಮನೆಗಳಲ್ಲಿ ಹಸಿರು ವೈರನ್ನು ನೀರಿನ ಪೈಪಿಗೆ ಕಟ್ಟುತ್ತಿದ್ದರು ಎಂದು ಚಿತ್ರವನ್ನೂ ತೋರಿಸಿದ್ದೆ. ಅದಾದ ಮೇಲೆ ಪ್ರತಿ ಪಾಠದಲ್ಲೂ ನನ್ನ 'ಅರ್ಥ ಮಾಡ್ಕೊಳ್ಳಿ', ಅವರ ಕಿವಿಗೆ ಅದು ಅರ್ತ್.

"ಬೇರೆಯವರೂ ಕಟ್ಟಿದಾರಲ್ಲ, ಅವರಿಗೆ ಯಾರು ಹೇಳಿದ್ರು?"

"ನಾನೇ ಫೋಟೋ ಹಾಕಿದ್ದೆ ಮೇಡಂ, ನಮ್ಮ ಗ್ರೂಪಲ್ಲಿ. ಮೇಡಂ ಕೇಳೋ ಅರ್ತ್ ಇದೇ ಇರ್ಬೇಕು ಅಂತ. ಬೇಕರಿಯಣ್ಣ ಮಾತ್ರ ಬ್ಯಾಟರಿಗೆ ಯಾಕೆ ಅರ್ತ್ ಅಂತ ತಕರಾರು ತೆಗೆದ್ರು. ಹಾಗಾದ್ರೆ ನೀವೇ ಮೇಡಂನ ಕೇಳಿ ಅಂದ್ವಿ. ಸುಮ್ನೆ ಕಟ್ಟಿಬಿಟ್ರು."

"ಯಾವ ಗ್ರೂಪ್? ನಾನೂ ಇದೀನಲ್ಲ ಗ್ರೂಪಲ್ಲಿ."

"ಇದು ನೀವಿಲ್ದಿರೋ ಗ್ರೂಪು ಮೇಡಂ." ಅವಳು ಸ್ವಲ್ಪ ತಡೆದು ಹೇಳಿದಳು, "ಅಲ್ಲಿ ಕೇಳಿದ್ರೆ ಯಾರೂ ಬೈಯಲ್ಲ."

ಬೈಯಬೇಕೆಂದೇ ಬಾಯಿ ತೆರೆದೆ, ಆದರೆ ಬೈದರೆ ಅವಳ ಮಾತನ್ನೇ ನಿಜ ಮಾಡಿದಂತಾಗುತ್ತದೆ. ಅದಕ್ಕೆ ನಾಲಿಗೆಯನ್ನು ಹಲ್ಲಿಗೆ ಒತ್ತಿ, ಉಸಿರು ಸೇರಿಸಿ, ಮಹಾಪ್ರಾಣ ಬಿಡಿಸಿ ಬಿಡಿಸಿ ಕೇಳಿದೆ. "ಹಾಗಾದ್ರೆ ನಾನು ಮಾಡಿದ ಪಾಠ ನಿಮಗೆ ಅರ್ಥ ಆಗಿದ್ಯಾ? ಅರ್ಥ, ಅರ್ಥ. ತಲೆಗೆ ಹೋಗಿದ್ಯಾ ಅಂತ."

"ಅದನ್ನ ನೀವು ಯಾವತ್ತೂ ಕೇಳೇ ಇಲ್ವಲ್ಲ ಮೇಡಂ."

"ಈಗ ಕೇಳ್ತಿದೀನಿ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದು. "ಇಲ್ಲ ಮೇಡಂ. ನಾನೊಂದು ಕೇಳ್ಬೇಕಿತ್ತು, ಆ ಹಸಿರು ವೈರ್ ವಿಷಯಾನೇ... ಅಯ್ಯೋ, ಗಿರಾಕಿ ಬಂದ್ರು, ಇಡ್ತೀನಿ, ತಪ್ಪು ತಿಳ್ಕೋಬೇಡಿ." ಫೋನ್ ಕಟ್ಟಾಯಿತು.

ಅಕ್ಕನಿಗೆ ಹೇಳಿದರೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ನಿನ್ನ ಬಾಯಲ್ಲಿ ಯಾವತ್ತು ಥ ಬಂದಿತ್ತೇ? ಹುಟ್ಟಿದಾಗಿನಿಂದ ರತ, ಕತೆ, ಅರ್ತ. ಅಪ್ಪ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ರು. ಅಂಥವಳು ಬೇರೆಯವರಿಗೆ ಮಹಾಪ್ರಾಣದ ಪಾಠ ಬೇರೆ ಮಾಡ್ತಾಳಂತೆ!" ನಾನು ನಗಲಿಲ್ಲ. ನಗು ಬರದೇ ಇರಲಿಲ್ಲ, ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಗ್ರಾಫ್ ಸಾಹೇಬರ ನೂರಕ್ಕೆ ನೂರು ಎಂದರೆ ನೂರಕ್ಕೆ ನೂರು ಜನ ನಲ್ಲಿಗೆ ವೈರು ಕಟ್ಟಿದ್ದಾರೆ ಎಂದು, ಅಷ್ಟೇ. ಪಾಠದ ತಲೆಬುಡ ಯಾರಿಗೆ ಗೊತ್ತಾಗಿದೆಯೋ ಯಾರಿಗೂ ಗೊತ್ತಿಲ್ಲ.

ಶುಕ್ರವಾರ ಸಂಜೆ ಬೆಡ್‌ಶೀಟ್ ಕಟ್ಟುವಾಗ ಅಕ್ಕ ಒಂದು ತುದಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ನೋಡು, ಇವತ್ತೊಂದಿನ ಮಾಮೂಲಿ ಥರಾನೇ ಕೇಳ್ಬಿಡು. ಅವರು ಆಯ್ತು ಅಂತಾರೆ, ಸಾಹೇಬರು ಖುಷಿಯಾಗಿ ಹೋಗ್ತಾರೆ. ಕ್ಲಾಸ್ ಉಳಿದ್ರೆ ತಾನೇ ನೀನು ಸರಿ ಮಾಡೋದು? ಸೋಮವಾರದಿಂದ ಏನು ಬೇಕಾದ್ರೂ ಕೇಳ್ಕೋ." ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಹಾಗೇ ಮಾಡುವುದೆಂದುಕೊಂಡೇ ಕೂತೆ.

ಕಪ್ಪು ಚೌಕಗಳು ಒಂದೊಂದಾಗಿ ಬಂದವು. ಕೊನೆಯ ಸಾಲಿನಲ್ಲಿ ನಿರ್ದೇಶಕರು ಎಂದು ಬರೆದ ಚೌಕ, ಅದೂ ಕಪ್ಪೇ. ಅವರೂ ಕ್ಯಾಮೆರಾ ಹಾಕಿರಲಿಲ್ಲ! ನಾನು ಕೆಂಪು ಕಪ್ಪು ವೈರು ಹಿಡಿದು ಕರೆಂಟು ಹೇಗೆ ಸುತ್ತು ಹೊಡೆಯುತ್ತದೆ ಎಂದು ಹೇಳಿ ಮುಗಿಸಿದೆ. ಅಭ್ಯಾಸ ನೋಡಿ, ನಾಲಿಗೆ ತಾನಾಗಿಯೇ 'ಅರ್' ಎಂದಿತು. ಅಲ್ಲಿಗೇ ನಿಂತಿತು. ಆ ಚಾಟಿನಲ್ಲಿ ಇನ್ನೊಂದು ಸಲ ಆಯ್ತು, ಆಯ್ತು ಎಂದು ಬೀಳುವುದನ್ನು ನೋಡಲು ನನ್ನ ಕೈಲಾಗುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಟೈಲರಮ್ಮ ಕೇಳಬೇಕೆಂದಿದ್ದು ಏನು ಎನ್ನುವುದು ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು.

"ಇವತ್ತು ಬೇರೆ ಥರ ಕೇಳ್ತೀನಿ," ಎಂದೆ. "ಇಷ್ಟು ದಿನದ ಪಾಠ ನಿಮಗೆ ತಿಳೀತಾ? ವೈರ್ ಕಟ್ಟಿದ್ರಾ ಅಂತ ಅಲ್ಲ. ತಿಳೀತಾ? ತಿಳೀದಿದ್ರೆ ಇಲ್ಲ ಅಂತ ಬರೀರಿ. ಬೈಯಲ್ಲ. ನಮ್ಮಕ್ಕನ ಆಣೆ."

ಮೊದಲು ಟೈಲರಮ್ಮ ಬರೆದಳು, ಇಲ್ಲ. ಅದರ ಕೆಳಗೆ ಇನ್ನೊಂದು ಇಲ್ಲ. ನರ್ಸಮ್ಮ, 'ಮೂರನೇ ಪಾಠದಿಂದ ಇಲ್ಲ ಮೇಡಂ'. ಲಿಫ್ಟಿನವನು, 'ವೋಲ್ಟ್ ಅಂದ್ರೇನು ಅಂತಾನೇ ಗೊತ್ತಿಲ್ಲ, ನಗ್ಬೇಡಿ'. ಬೇಕರಿಯವನು, 'ತಿಳಿದಿತ್ತು, ಇವರೆಲ್ಲ ಸೇರಿ ಕೆಡಿಸಿದ್ರು'. ಇಲ್ಲ, ಇಲ್ಲ, ಇಲ್ಲ ಎಂದು ಚಾಟ್ ಮೇಲೇರುತ್ತಲೇ ಹೋಯಿತು. ಕೊನೆಯ ಸಾಲಿನಲ್ಲಿ ನಿರ್ದೇಶಕರು ಇದನ್ನೆಲ್ಲ ನೋಡುತ್ತಿದ್ದರು. ನನ್ನ ಕ್ಲಾಸು ನನ್ನ ಕಣ್ಣೆದುರೇ ಮುಳುಗುತ್ತಿದೆ ಎನಿಸಿತು. ಆದರೂ ಒಂದು ವಿಚಿತ್ರ ನೋಡಿ. ಆ ಆಯ್ತುಗಳೆಲ್ಲ ಒಂದೇ ಥರ ಇರುತ್ತಿದ್ದವು, ಈ ಇಲ್ಲಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಇವರೆಲ್ಲ ಯಾರು ಎಂದು ನನಗೆ ಆಗಲೇ ಗೊತ್ತಾಗತೊಡಗಿದ್ದು.

"ಎಲ್ಲರೂ ಕಿಟ್ ಮುಂದಿಟ್ಕೊಳ್ಳಿ," ಎಂದೆ. "ಹಸಿರು ವೈರ್ ನಲ್ಲಿಗೇ ಇರ್ಲಿ. ಬಲ್ಬ್ ಹಚ್ಚಿ. ಈಗ ಹಸಿರು ವೈರ್ ಕಿತ್ರೆ ಬಲ್ಬ್ ಏನಾಗುತ್ತೆ? ಆರುತ್ತಾ, ಮಂಕಾಗುತ್ತಾ, ಹಾಗೇ ಉರಿಯುತ್ತಾ? ಯಾರೂ ಇನ್ನೂ ಕೀಳ್ಬೇಡಿ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈ ಹಾಕಿ."

ಅಬ್ಬಬ್ಬಾ, ಆಮೇಲಿನ ಗದ್ದಲ! ಆರುತ್ತೆ ಎಂದಳು ನರ್ಸಮ್ಮ. ಮಂಕಾಗುತ್ತೆ, ಬರೆದಿಟ್ಕೊಳ್ಳಿ ಎಂದ ಲಿಫ್ಟಿನವನು. ಏನೂ ಆಗಲ್ಲ ಕಣ್ರೀ, ಮೊದಲೇ ಬಡ್ಕೊಂಡೆ ಎಂದು ಬೇಕರಿಯವನು ಬರೆಯುವುದು ಸಾಲದೆ ಮೈಕೇ ಹಾಕಿಬಿಟ್ಟ. ಅವನ ಹಿಂದೆ ಒಲೆಯ ಬಾಗಿಲು ಬಡಿದುಕೊಳ್ಳುವ ಸದ್ದು. ಅವನಿಗೆ ಉತ್ತರ ಕೊಡಲು ನರ್ಸಮ್ಮ ಮೈಕ್ ಹಾಕಿದಳು, ಅವಳ ಹಿಂದೆ ಯಾರೋ ಕೆಮ್ಮುತ್ತಿದ್ದರು. ಒಬ್ಬರ ಮನೆಯಲ್ಲಿ ಮಗು ಅಳುತ್ತಿತ್ತು, ಇನ್ನೊಬ್ಬರ ಅತ್ತೆ 'ಏನ್ ಗಲಾಟೆ ಅದು' ಎಂದು ಗದರಿದರು. ಎಷ್ಟು ದಿನದಿಂದ ಈ ಗಲಾಟೆಯನ್ನೆಲ್ಲ ಮುಚ್ಚಿಟ್ಟು ನನಗೆ ಬರೀ ಮೌನ ಕೊಟ್ಟಿದ್ದರು ಇವರು!

"ಈಗ ಕೀಳಿ!"

"ಅಯ್ಯೋ, ಉರೀತಾನೇ ಇದೆ!"

"ನಂದೂ!"

"ಹೇಳ್ಲಿಲ್ವಾ ನಾನು?" ಎಂದ ಬೇಕರಿಯವನು. ಯಾರೂ ನಂಬುವುದಿಲ್ಲ ಎಂದು ಕ್ಯಾಮೆರಾ ಹಾಕಿ ಬಲ್ಬು ತೋರಿಸಿದ. ನೋಡನೋಡುತ್ತ ಒಂದೊಂದೇ ಚೌಕದಲ್ಲಿ ಬೆಳಕು ಬಂತು. ಮುಖಗಳು. ಟೈಲರಮ್ಮ ನಾನಂದುಕೊಂಡದ್ದಕ್ಕಿಂತ ಚಿಕ್ಕವಳು, ಕೊರಳಲ್ಲಿ ಅಳತೆ ಟೇಪು. ಅವಳೇ ಕೈ ಎತ್ತಿದಳು.

"ಮೇಡಂ, ಅವತ್ತು ನಾನು ಕೇಳ್ಬೇಕು ಅಂದಿದ್ದು ಇದೇ. ಮನೆ ಕರೆಂಟ್ ಸೋರಿದ್ರೆ ಅರ್ತ್ ಹಿಡ್ಕೊಂಡು ನೆಲಕ್ಕೆ ಓಡುತ್ತೆ ಅಂದಿದ್ರಿ. ಬ್ಯಾಟರಿ ಕರೆಂಟ್‌ಗೂ ನಾನು ದಾರಿ ಕೊಟ್ಟಿದ್ದೆ. ನಲ್ಲಿ ತನಕ ವೈರ್ ಎಳೆದು ಕಟ್ಟಿದ್ದೆ. ಅದ್ಯಾಕೆ ಓಡಿಹೋಗ್ಲಿಲ್ಲ? ಅದಕ್ಕೇನು ನೆಲ ಕಂಡ್ರೆ ಆಗಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ಉತ್ತರ ಹೇಳಿ ಮುಗಿಸಿಬಿಡಲು ಮನಸ್ಸೇ ಬರಲಿಲ್ಲ. "ಬ್ಯಾಟರಿ ಕರೆಂಟ್ ಎಲ್ಲಿಂದ ಹೊರಡುತ್ತೆ?" ಎಂದು ಕೇಳಿದೆ.

"ಬ್ಯಾಟರಿಯಿಂದ," ಎಂದ ಲಿಫ್ಟಿನವನು.

"ಕೊನೆಗೆ ಎಲ್ಲಿಗೆ ಸೇರ್ಬೇಕು?"

"ವಾಪಸ್ ಬ್ಯಾಟರಿಗೇ ತಾನೇ? ಈಗಷ್ಟೇ ಹೇಳಿದ್ರಲ್ಲ, ಸುತ್ತು ಅಂತ. ಓಹೋ... ನಲ್ಲಿಗೆ ಹೋದ್ರೆ ಅಲ್ಲಿಂದ ಬ್ಯಾಟರಿಗೆ ದಾರಿ ಇಲ್ಲ! ಅದಕ್ಕೇ ಹೋಗಲ್ಲ!"

ನರ್ಸಮ್ಮ ಹುಬ್ಬು ಗಂಟಿಕ್ಕಿ ಕೂತಿದ್ದವಳು ಥಟ್ಟನೆ ಮುಂದೆ ಬಾಗಿದಳು. "ಹಾಗಾದ್ರೆ ಮನೆ ಕರೆಂಟ್ ನೆಲಕ್ಕೆ ಯಾಕೆ ಓಡುತ್ತೆ ಮೇಡಂ? ಅದೇನು ನೆಲದಿಂದ ಹೊರಟಿದ್ಯಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೀದಿಯಲ್ಲಿರುವ ಟ್ರಾನ್ಸ್‌ಫಾರ್ಮರಿನ ಒಂದು ತುದಿಯ ವೈರನ್ನು ನೆಲದಲ್ಲಿ ಹೂತಿರುತ್ತಾರೆ. ಹಾಗಾಗಿ ಮನೆಯ ಕರೆಂಟಿಗೆ ನೆಲವೂ ವಾಪಸ್ ಹೋಗುವ ದಾರಿಯೇ. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಗಂಟೆ ಮುಗಿದು ತೆರೆ ತಾನಾಗಿಯೇ ಮುಚ್ಚಿಕೊಂಡಿತು. ನಮ್ಮ ಸಂಸ್ಥೆಯ ವ್ಯವಸ್ಥೆಯೇ ಹಾಗೆ, ಹೊತ್ತಾದರೆ ಯಾರ ಮುಖವನ್ನೂ ನೋಡುವುದಿಲ್ಲ. ನಾನು ಅದಕ್ಕೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ.

ಬೈದು ಮುಗಿಯುವುದರೊಳಗೆ ಫೋನ್ ಬಂತು. ಗ್ರಾಫ್ ಸಾಹೇಬರು. ಅಕ್ಕ ಬಾಗಿಲು ತೆರೆದು ಅಲ್ಲೇ ನಿಂತಳು.

"ಮೇಡಂ, ಹೋದ ವಾರ ನೂರಕ್ಕೆ ನೂರು ಇತ್ತು," ಎಂದರು. ದನಿ ಸೋತಿತ್ತು. "ಇವತ್ತು ಎಲ್ಲರೂ ಇಲ್ಲ ಅಂದ್ಬಿಟ್ರು. ಗ್ರಾಫ್ ಪಾತಾಳಕ್ಕೆ ಹೋಗಿದೆ. ಇದನ್ನ ಸಮಿತಿ ಮುಂದೆ ಹೇಗಮ್ಮಾ ಇಡ್ಲಿ ನಾನು?"

"ಇದ್ದಿದ್ದನ್ನ ಇದ್ದ ಹಾಗೇ ಇಡಿ ಸರ್."

"ಇಟ್ರೆ ಕ್ಲಾಸ್ ನಿಲ್ಲಿಸಿ ಅಂತಾರೆ."

"ನಿಲ್ಲಿಸ್ಬೇಡಿ ಸರ್," ಎಂದೆ. "ಇವತ್ತೇ ಮೊದಲ ಸಲ ಅವರು ನನ್ನ ಜೊತೆ ಮಾತಾಡಿದ್ದು."

ಕುರ್ಚಿ ಕಿರ್ರೆಂದದ್ದು ಕೇಳಿಸಿತು. "ಕೊನೆಯಲ್ಲಿ ಆ ನರ್ಸಮ್ಮ ಏನೋ ಕೇಳಿದ್ರಲ್ಲ," ಎಂದರು, "ಕರೆಂಟ್ ನೆಲಕ್ಕೆ ಯಾಕೆ ಓಡುತ್ತೆ ಅಂತ. ಅಷ್ಟರಲ್ಲಿ ಕಟ್ಟಾಯ್ತು. ಅದಕ್ಕೆ ಉತ್ತರ ಏನು?"

"ನಿಮಗೆ ಗೊತ್ತಿಲ್ವಾ ಸರ್?"

"ಇಲ್ಲ," ಎಂದರು.

ಅಕ್ಕ ಬಾಗಿಲಲ್ಲಿ ನಿಂತು ಹೇಳು, ಹೇಳು ಎಂದು ಕೈಸನ್ನೆ ಮಾಡಿದಳು. ಒಂದೇ ಮಾತಿನಲ್ಲಿ ಹೇಳಬಹುದಿತ್ತು.

"ಈಗ ಹೇಳಲ್ಲ ಸರ್," ಎಂದೆ. "ಅವರೆಲ್ಲ ಕಾಯ್ತಿರ್ತಾರೆ, ಅವರ ಜೊತೆಗೇ ಹೇಳ್ತೀನಿ. ಸೋಮವಾರ ಕ್ಲಾಸಿಗೆ ಬನ್ನಿ."

"ಸೋಮವಾರ," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕೇಳಿದರು, "ಎಷ್ಟು ಗಂಟೆಗೆ?"